‘ಬಳಿ’: ಸಾಮೀಪ್ಯವಾಚಿಯೊಂದರ ಅರ್ಥವಿಸ್ತಾರ

ಕನ್ನಡದಲ್ಲಿ ಸಾಮೀಪ್ಯವನ್ನು ಸೂಚಿಸುವ ಪದಗಳು ಹಲವು: ಹತ್ತಿರ, ಸಮೀಪ, ಸನಿಹ, ನಿಕಟ, ಪಕ್ಕ, ಮಗ್ಗುಲು, ಹಳಗನ್ನಡದ ಕೆಲ, ಸಾರೆ. ‘ಬಳಿ’ಯನ್ನೂ ಈ ಸಾಲಿಗೇ ಸೇರಿಸುವುದು ರೂಢಿ. ಆದರೆ ಇದರ ಮೂಲಾರ್ಥ ಅಂತರದ ಅಲ್ಪತೆಯಲ್ಲ, ಅನುಸರಣೆ. ಇದನ್ನು ಗಮನಿಸದಿದ್ದರೆ ಪ್ರಾಚೀನ ಪಠ್ಯಗಳ ಅರ್ಥೈಸುವಿಕೆಯಲ್ಲಿಯೂ ಕರಾವಳಿಯ ಕುಲವ್ಯವಸ್ಥೆಯ ವಿವರಣೆಯಲ್ಲಿಯೂ ತೊಡಕುಂಟಾಗುತ್ತದೆ.

ಪದದ ಹಳೆಯ ರೂಪ ‘ಬೞಿ’. ತಮಿಳು, ಮಲಯಾಳಂಗಳ ‘ವೞಿ’ ಇದರ ಜ್ಞಾತಿಪದ. ಅಲ್ಲಿ ದಾರಿ ಎಂಬುದೇ ಪ್ರಧಾನಾರ್ಥ. ಹಳಗನ್ನಡದಲ್ಲಿಯೂ ದಾರಿ, ಜಾಡು ಎಂಬ ಅರ್ಥಗಳುಂಟು. ‘ಬೞಿವಿಡಿ’ ಎಂದರೆ ಜಾಡು ಹಿಡಿದು ನಡೆ, ಅನುಸರಿಸು. ‘ಬೞಿಯಟ್ಟು’ ಎಂದರೆ ದೂತರ ಮೂಲಕ ಹೇಳಿಕಳುಹಿಸು. ಜಾಡು ಹಿಡಿದು ನಡೆಯುವವನು ಮುಂದಿನವನಿಗೆ ಸಮೀಪವರ್ತಿ; ಹೀಗೆ ಸ್ಥಳದಲ್ಲಿ ‘ಬಳಿ’ ಸಾಮೀಪ್ಯವಾಯಿತು. ಕಾಲದಲ್ಲಿ ಹಿಂದೆ ಬರುವುದು ‘ಬಳಿಕ’ವಾಯಿತು. ಪೀಳಿಗೆಯಲ್ಲಿ ಹಿಂದೆ ಬರುವುದು ವಂಶವಾಯಿತು. ೞಕಾರ ಳಕಾರದಲ್ಲಿ ಲೀನವಾದ ಮೇಲೆ ಈ ಬಾಂಧವ್ಯ ಓದುಗರ ಕಣ್ಣಿಗೆ ಮರೆಯಾಯಿತು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಪದಗಳನ್ನು ಪ್ರತ್ಯೇಕವಾಗಿ ಪರಿಗಣಿಸಿರುವುದು ಈ ದೃಷ್ಟಿಯಿಂದ ಗಮನಾರ್ಹ.

ಪರ್ಯಾಯಗಳೊಡನೆ ಹೋಲಿಸಿದಾಗ ವ್ಯತ್ಯಾಸ ಸ್ಪಷ್ಟವಾಗುತ್ತದೆ. ‘ಹತ್ತಿರ’ವು ಅಂಟು, ತಗಲು ಎಂಬರ್ಥದ ‘ಹತ್ತು’ ಧಾತುವಿಗೆ ಸೇರಿದ್ದು. ಅದು ಅಳತೆಗೂ ಒಗ್ಗುತ್ತದೆ. ‘ಹಬ್ಬ ಹತ್ತಿರ ಬಂತು’, ‘ನೂರರ ಹತ್ತಿರ’ ಎನ್ನುತ್ತೇವೆ. ಇಲ್ಲಿ ‘ಬಳಿ’ ಸಲ್ಲದು. ‘ಅವರ ಬಳಿ ಹಣವಿದೆ’ ಎಂಬಲ್ಲಿ ಎರಡೂ ಸಲ್ಲುತ್ತವೆ. ಆದರೆ ‘ಸಮೀಪ’, ‘ನಿಕಟ’ಗಳು ಒಗ್ಗುವುದಿಲ್ಲ.

ಅನುಸರಣೆಯ ಅರ್ಥಕ್ಕೆ ಪ್ರಬಲ ಸಾಕ್ಷ್ಯ ಕರಾವಳಿಯ ಸಮಾಜದಲ್ಲಿದೆ. ಅಳಿಯಸಂತಾನ ಪದ್ಧತಿಯ ಬಂಟ, ಬಿಲ್ಲವ ಮೊದಲಾದ ಸಮುದಾಯಗಳಲ್ಲಿ ‘ಬಳಿ’ (ತುಳುವಿನಲ್ಲಿ ‘ಬರಿ’) ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಒಂದೇ ಬಳಿಯವರಲ್ಲಿ ವಿವಾಹಸಂಬಂಧ ನಿಷಿದ್ಧ. ಒಂದೇ ಮನೆಯಲ್ಲಿರುವ ತಂದೆ ಮತ್ತು ಮಕ್ಕಳು ಬೇರೆ ಬೇರೆ ಬಳಿಯವರು. ದೂರದೂರಿನ ಅಪರಿಚಿತನು ಸ್ವಬಳಿಯವನಾದರೆ ಒಡಹುಟ್ಟಿದವನಿಗೆ ಸಮ. ಇಲ್ಲಿ ‘ಬಳಿ’ಗೂ ನೆಲದ ಅಂತರಕ್ಕೂ ಸಂಬಂಧವೇ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಆಸ್ತಿಯ ಹಕ್ಕನ್ನು ಮಾರ್ಪಡಿಸಿದರೂ ವಿವಾಹದ ಮಾತುಕತೆಯಲ್ಲಿ ಬಳಿಯನ್ನು ವಿಚಾರಿಸುವ ರೂಢಿ ಅಳಿದಿಲ್ಲ.

ಆದುದರಿಂದ ನಿಘಂಟುಕಾರರು ದಾರಿ, ಅನುಸರಣೆ, ಸಾಮೀಪ್ಯ, ವಂಶ ಎಂಬ ಕ್ರಮದಲ್ಲಿ ಈ ಅರ್ಥಗಳನ್ನು ಜೋಡಿಸುವುದು ಯುಕ್ತ. ಗ್ರಂಥಸಂಪಾದಕರೂ ‘ಬಳಿ’ ಬಂದೆಡೆಯಲ್ಲೆಲ್ಲ ‘ಹತ್ತಿರ’ ಎಂದು ಅರ್ಥ ಬರೆಯುವ ಮೊದಲು, ಅಲ್ಲಿ ಯಾರು ಯಾರನ್ನು ಅನುಸರಿಸುತ್ತಿದ್ದಾರೆ ಎಂಬುದನ್ನು ಪರಿಶೀಲಿಸಬೇಕು.