ದೇವರು ಕೇಳಿ ಕರೆಯುತ್ತಾರೆ: ಆಗಮನಕಾಲದಲ್ಲಿ ಚಿಕ್ಕೋಡಿ ಸೀಮೆಯಿಂದ ಒಂದು ಪಾಠ

ಆಗಮನಕಾಲ ಬಂತೆಂದರೆ ನಮ್ಮ ಕರಾವಳಿಯ ಚರ್ಚುಗಳಲ್ಲಿ ನೇರಳೆ ಬಣ್ಣದ ಮೂರು, ಗುಲಾಬಿ ಬಣ್ಣದ ಒಂದು ಮೇಣದಬತ್ತಿ ಸಿದ್ಧವಾಗುತ್ತವೆ. ಮನೆಗಳಲ್ಲಿ ಕುಸ್ವಾರ್ ತಯಾರಿ, ಗೋದಲಿಯ ಗಡಿಬಿಡಿ. ಈ ಗಡಿಬಿಡಿಯ ನಡುವೆ ಡಿಸೆಂಬರ್ 8ರ ಅಮಲೋದ್ಭವ ಮಾತೆಯ ಹಬ್ಬದಂದು ಒಮ್ಮೆ, ಡಿಸೆಂಬರ್ 20ರಂದು ಮತ್ತೊಮ್ಮೆ ಒಂದೇ ಶುಭಸಂದೇಶವನ್ನು ಓದಲಾಗುತ್ತದೆ: ದೇವದೂತ ಗಬ್ರಿಯೇಲರು ನಜರೇತಿನ ಕನ್ಯೆ ಮರಿಯಳ ಬಳಿಗೆ ಬಂದ ಪ್ರಸಂಗ (ಲೂಕ 1:26-38). ಎಷ್ಟೋ ಸಲ ಕೇಳಿದ್ದೇವೆ. ಕೇಳಿ ಕೇಳಿ ಅದರೊಳಗಿನ ಒಂದು ಸಂಗತಿ ನಮ್ಮ ಕಿವಿಗೆ ಬೀಳದಂತಾಗಿದೆ.

ಆ ಸಂಗತಿ ಇಷ್ಟೇ: ದೇವದೂತರು ಸುದ್ದಿ ತಿಳಿಸಿ ತಕ್ಷಣ ಹೊರಟುಹೋಗಲಿಲ್ಲ. ಮರಿಯಳು ಕಳವಳಗೊಂಡಾಗ ಭಯಪಡಬೇಡ ಎಂದರು. ಇದು ಹೇಗೆ ಸಾಧ್ಯ ಎಂದು ಅವಳು ಪ್ರಶ್ನಿಸಿದಾಗ ಸಿಟ್ಟಾಗಲಿಲ್ಲ, ಉತ್ತರ ಕೊಟ್ಟರು. ವಯಸ್ಸಾದ ಎಲಿಜಬೇತಳು ಗರ್ಭಿಣಿಯಾಗಿರುವ ಗುರುತನ್ನೂ ಕೊಟ್ಟರು. ಅವಳ ಬಾಯಿಂದ ಒಪ್ಪಿಗೆಯ ಮಾತು ಬಂದ ಮೇಲೆಯೇ ಅಲ್ಲಿಂದ ಹೋದರು. ಹನ್ನೆರಡನೆಯ ಶತಮಾನದ ಸಂತ ಬರ್ನಾರ್ಡರು ತಮ್ಮ ಪ್ರಬೋಧನೆಯೊಂದರಲ್ಲಿ, ಆದಾಮನಿಂದ ಹಿಡಿದು ಇಡೀ ಲೋಕವೇ ಆ ಹುಡುಗಿಯ ಉತ್ತರಕ್ಕಾಗಿ ಕಾದು ನಿಂತಿತ್ತು ಎಂದು ಬಣ್ಣಿಸಿದ್ದಾರೆ. ಸರ್ವಶಕ್ತ ದೇವರು ಒಂದು ಹಳ್ಳಿಯ ಹುಡುಗಿಯ ಒಪ್ಪಿಗೆಗೆ ಕಾದರು! ಉತ್ತರ ಕೊಡುವಾಗ ಮರಿಯಳು ತನ್ನನ್ನು ಕರೆದುಕೊಂಡದ್ದು ದೇವರ ದಾಸಿ ಎಂದು.

ಈ 'ದಾಸಿ' ಎಂಬ ಪದ ನಮ್ಮನ್ನು ಘಟ್ಟದ ಮೇಲಕ್ಕೆ, ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿಗೆ ಕರೆದೊಯ್ಯುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ: ಮಹಾರಾಷ್ಟ್ರದ ಗಡಿಯ ಕಡೆಗಿರುವ ಈ ತಾಲ್ಲೂಕುಗಳು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಸೀಮೆ. ಕಬ್ಬು, ನಿಪ್ಪಾಣಿಯ ತಂಬಾಕು, ಕನ್ನಡದ ಜೊತೆಗೆ ಮರಾಠಿ. 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಕ್ಷೇತ್ರದ ನೆಲವಿದು. ಕರಾವಳಿಗೂ ಅದಕ್ಕೂ ನಂಟು ಹಳೆಯದು. ನಮ್ಮ ಕುಪ್ಪೆಪದವಿನವರಾದ ಬರ್ನಾರ್ಡ್ ಮೊರಾಸ್‌ರವರು ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗುವ ಮುನ್ನ, 1996ರಿಂದ 2004ರವರೆಗೆ ಅಲ್ಲಿಯ ಧರ್ಮಾಧ್ಯಕ್ಷರಾಗಿದ್ದರು.

ನಾವು ಆಗಮನಕಾಲದ ಬತ್ತಿ ಹಚ್ಚುವ ಹೊತ್ತಿಗೇ ಸಾಮಾನ್ಯವಾಗಿ ಹೊಸ್ತಿಲ ಹುಣ್ಣಿಮೆಯೂ ಬರುತ್ತದೆ. ಆ ಸೀಮೆಯ ಜನ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುತ್ತಾರೆ. ಲಕ್ಷಾಂತರ ಜನರ ಭಕ್ತಿ ಅದು, ಅದರ ಬಗ್ಗೆ ಹಗುರವಾಗಿ ಮಾತನಾಡುವ ಹಕ್ಕು ನಮಗಿಲ್ಲ. ಆದರೆ ಆ ಭಕ್ತಿಯ ಹೆಸರಿನಲ್ಲಿ ಒಂದು ಅನ್ಯಾಯ ತಲೆಮಾರುಗಳ ಕಾಲ ನಡೆಯಿತು. ಬಡ ಮನೆಗಳ, ಅದರಲ್ಲೂ ದಲಿತರ ಮನೆಗಳ ಎಳೆಯ ಹುಡುಗಿಯರಿಗೆ 'ಮುತ್ತು ಕಟ್ಟಿ' ದೇವದಾಸಿಯಾಗಿ ಬಿಡುತ್ತಿದ್ದರು. ಮನೆಯಲ್ಲಿ ಗಂಡು ಮಗನಿಲ್ಲ, ಮುಪ್ಪಿನಲ್ಲಿ ನೋಡಿಕೊಳ್ಳುವವರಿಲ್ಲ, ಯಾವುದೋ ಕಾಯಿಲೆಗೆ ಹರಕೆ ಹೊತ್ತಾಗಿದೆ, ಹೀಗೆ ಕಾರಣಗಳು. ಮುಂದೆ ಅವಳಿಗೆ ಮದುವೆಯಿಲ್ಲ, ಅವಳ ಮಕ್ಕಳಿಗೆ ಅಪ್ಪನ ಹೆಸರಿಲ್ಲ. ಈ ಸೀಮೆ ಮುಂಬಯಿ ಆಡಳಿತದಲ್ಲಿದ್ದಾಗ 1934ರಲ್ಲಿ ಒಂದು ಕಾನೂನು ಬಂತು, ಬಳಿಕ ಕರ್ನಾಟಕವೇ 1982ರಲ್ಲಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆ ಮಾಡಿತು. ಕಾಯಿದೆ ಆದ ಮೇಲೂ ಕದ್ದುಮುಚ್ಚಿ ನಡೆಯಿತು.

ದೇವರ ದಾಸಿ, ದೇವದಾಸಿ. ಪದ ಒಂದೇ. ಆದರೆ ನಜರೇತಿನ ಹುಡುಗಿಯನ್ನು ಕೇಳಲಾಯಿತು. ಈ ಹುಡುಗಿಯರನ್ನು ಯಾರೂ ಕೇಳಲಿಲ್ಲ.

ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರಿಗೆ ಮುತ್ತು ಕಟ್ಟಿದಾಗ ಅವರಿಗೆ ಏಳು ವರ್ಷ. ಏಳು ವರ್ಷದ ಮಗು 'ಹೂಂ' ಅಂದಿದ್ದರೂ ಅದನ್ನು ಒಪ್ಪಿಗೆ ಎನ್ನಲಾದೀತೇ? ಮುಂದೆ ತೊಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆಯ ನೆರವಿನಿಂದ ಬೆಳಗಾವಿ ಜಿಲ್ಲೆಯ ಮಾಜಿ ದೇವದಾಸಿಯರು ಸಂಘಗಳಾಗಿ ಒಟ್ಟುಗೂಡಿದರು. 1997ರಲ್ಲಿ 'ಮಾಸ್', ಅಂದರೆ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಹುಟ್ಟಿತು. ಹೊರಗಿನವರು ಬಂದು ಉದ್ಧಾರ ಮಾಡುವ ಸಂಸ್ಥೆಯಲ್ಲ ಅದು, ಆ ಬದುಕನ್ನು ಬಾಳಿದವರೇ ನಡೆಸುವ ಸಂಸ್ಥೆ. ಅದರ ಮುಂದಾಳುಗಳಲ್ಲಿ ಒಬ್ಬರಾದ ಸೀತವ್ವನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅಥಣಿಯಲ್ಲಿ ವಕೀಲರಾದ ಬಿ. ಎಲ್. ಪಾಟೀಲರು ಎಂಬತ್ತರ ದಶಕದಲ್ಲಿ ಆರಂಭಿಸಿದ 'ವಿಮೋಚನಾ' ಸಂಘವೂ ದೇವದಾಸಿಯರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಿತು. ಇವರ ಕೆಲಸಕ್ಕೆ ನಮ್ಮ ಧರ್ಮಸಭೆಯ ಹೆಸರು ಅಂಟಿಸುವ ಅಗತ್ಯವಿಲ್ಲ. ನಾವು ಅವರಿಂದ ಕಲಿತರೆ ಸಾಕು.

ಏನು ಕಲಿಯುವುದು? ಧೈರ್ಯ ಎಂದಾಗ ನಮಗೆ ನೆನಪಾಗುವುದು ದೊಡ್ಡ ಸಾಹಸ. ಆದರೆ ಊರಿನ ಹಿರಿಯರೆದುರು, ಹೆತ್ತ ತಾಯಿಯೆದುರು, ದೇವರ ಶಾಪ ತಟ್ಟೀತು ಎಂಬ ಭಯದೆದುರು ನಿಂತು 'ನನ್ನ ಮಗಳಿಗೆ ಇದು ಬೇಡ' ಎನ್ನುವುದಕ್ಕೆ ಬೇಕಾದ ಧೈರ್ಯ ಬೇರೆಯೇ. ಮರಿಯಳದೂ ಅಂಥದ್ದೇ. ನಿಶ್ಚಿತಾರ್ಥವಾದ ಹುಡುಗಿ ಮದುವೆಗೆ ಮುನ್ನ ಗರ್ಭಿಣಿಯಾದರೆ ಮೋಶೆಯ ಕಟ್ಟಳೆಯಂತೆ ಪ್ರಾಣಕ್ಕೇ ಅಪಾಯವಿತ್ತು. ಜೋಸೆಫರು ನಂಬುವರೇ ಎಂಬುದೂ ಆಗ ಅವಳಿಗೆ ಗೊತ್ತಿರಲಿಲ್ಲ. ಅವಳ ಕೈಯಲ್ಲಿದ್ದದ್ದು ಭರವಸೆ ಮಾತ್ರ: ತನ್ನನ್ನು ಕೇಳಿ ಕರೆದವರು ನಡುದಾರಿಯಲ್ಲಿ ಕೈಬಿಡಲಾರರು ಎಂಬುದು.

ಇದನ್ನು ಓದುತ್ತಾ 'ಪಾಪ, ಘಟ್ಟದ ಮೇಲಿನ ಜನ' ಎಂದುಕೊಳ್ಳುವವರಿದ್ದರೆ ನಮ್ಮ ಮನೆಗಳ ಕಡೆಗೂ ಒಮ್ಮೆ ನೋಡೋಣ. ಹರಕೆ ಹೊತ್ತಿದ್ದೇವೆಂದು ಮಗನನ್ನು ಸೆಮಿನರಿಗೆ ಒತ್ತಾಯಿಸಿದವರು ನಮ್ಮಲ್ಲಿಲ್ಲವೇ? ಕಾನ್ವೆಂಟಿಗೆ ಹೋಗುತ್ತೇನೆಂದ ಮಗಳ ಬಾಯಿ ಮುಚ್ಚಿಸಿ ವಿದೇಶದ ಸಂಬಂಧ ಕುದುರಿಸಿದವರು? ಎರಡೂ ಒಂದೇ ತಪ್ಪು. 1983ರ ಧರ್ಮಸಭಾ ಕಾನೂನು ಸಂಹಿತೆ ಈ ವಿಷಯದಲ್ಲಿ ಬಹಳ ಸ್ಪಷ್ಟ. ಜೀವನದ ಅಂತಸ್ತನ್ನು ಆರಿಸಿಕೊಳ್ಳುವಾಗ ಯಾವ ಬಲವಂತವೂ ಇರಕೂಡದು ಎನ್ನುತ್ತದೆ 219ನೆಯ ವಿಧಿ. ಬಲವಂತದಿಂದ, ತೀವ್ರ ಭಯದಿಂದ ಅಥವಾ ಮೋಸದಿಂದ ಸನ್ಯಾಸ ತರಬೇತಿಗೆ ಸೇರಿದವರ ಪ್ರವೇಶವೇ ಅಸಿಂಧು (643). ಬಲವಂತದ ಮದುವೆಯೂ ಅಸಿಂಧು (1103). ಗುರುದೀಕ್ಷೆಗೂ ಪೂರ್ಣ ಸ್ವಾತಂತ್ರ್ಯ ಬೇಕು (1026). ಪೂಜೆಯಲ್ಲಿ ದೇವಕರೆಗಾಗಿ ಪ್ರಾರ್ಥಿಸುವ ನಾವು ಈ ವಿಧಿಗಳನ್ನು ಒಮ್ಮೆಯಾದರೂ ಮಕ್ಕಳಿಗೆ ಹೇಳಿದ್ದೇವೆಯೇ? ಧರ್ಮೋಪದೇಶದ ತರಗತಿಯಲ್ಲಿ ಕೇಳಿದ ನೆನಪು ನನಗಂತೂ ಇಲ್ಲ.

ಕರೆ ಯಾವಾಗಲೂ ಸೆಮಿನರಿಯದ್ದೇ ಆಗಬೇಕಿಲ್ಲ. ಹಾಸಿಗೆ ಹಿಡಿದ ಅತ್ತೆಯ ಆರೈಕೆ, ಕುಡಿತ ಬಿಡುವ ತೀರ್ಮಾನ, ವರ್ಷಗಳಿಂದ ಮಾತು ಬಿಟ್ಟ ತಮ್ಮನ ಮನೆಗೆ ಕ್ರಿಸ್ಮಸ್‌ಗೆ ಮುನ್ನ ಹೋಗಿಬರುವುದು, ಇವೂ ಕರೆಗಳೇ. ಹೆದರಿಕೆಯಾಗುವುದು ಸಹಜ, ಪ್ರಶ್ನೆ ಕೇಳುವುದೂ ತಪ್ಪಲ್ಲ. ಮರಿಯಳೂ ಕೇಳಿದಳು.

ಅವಳು ಒಪ್ಪಿದ ಮೇಲೆ ದೇವದೂತರು ಹೊರಟುಹೋದರು ಎಂದು ಸಂತ ಲೂಕರು ಬರೆಯುತ್ತಾರೆ. ಮುಂದೇನು ಮಾಡಬೇಕೆಂಬ ಸೂಚನೆ ಒಂದೂ ಇಲ್ಲ. ಅವಳು ಎದ್ದು, ನಜರೇತಿನಿಂದ ನೂರು ಕಿಲೋಮೀಟರಿಗೂ ದೂರದ ಜುದೇಯದ ಬೆಟ್ಟದ ಸೀಮೆಗೆ, ಇನ್ನೊಬ್ಬ ಹೆಂಗಸಿನ ಮನೆಗೆ ಅವಸರದಿಂದ ಹೊರಟಳು. ಡಿಸೆಂಬರ್ 21ರ ಶುಭಸಂದೇಶ ಶುರುವಾಗುವುದು ಅಲ್ಲಿಂದಲೇ.