ಚಿಂದಿ ಪಟ್ಟಿಯ ಕೌದಿ: ಕೆಲಸದೊಳಗೆ ಸಿಕ್ಕ ಕನ್ನಡ

ಇವತ್ತು ನಾನು ಮಾತಾಡೋದು ಕೌದಿಯ ಬಗ್ಗೆ. ಉಮರ್ಗಾ, ನಿಲಂಗಾ, ಉದಗೀರ ಕಡೆ ಮರಾಠಿಯಲ್ಲಿ ಇದಕ್ಕೆ ಗೋಧಡಿ, ವಾಕಳ ಅಂತಾರೆ. ಕನ್ನಡದ ಮನೆಗಳಲ್ಲಿ ಇದು ಕೌದಿ. ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯಕ್ಕೆ ಹೋದವು, 1960ರಲ್ಲಿ ಮಹಾರಾಷ್ಟ್ರದ ಭಾಗವಾದವು. ಶಾಲೆ, ಕಚೇರಿ ಮರಾಠಿಯಾದರೂ ಮನೆಯೊಳಗೆ ಕನ್ನಡ ಆಡುವವರು ಇದ್ದಾರೆ. ನಿಲಂಗಾ ತಾಲೂಕಿನ ಹಳ್ಳಿಯಲ್ಲಿರುವ ನಮ್ಮ ಆಯಿ, ಅಂದರೆ ನಮ್ಮ ತಾಯಿಯ ತಾಯಿ, ಅಂಥವರಲ್ಲಿ ಒಬ್ಬರು.

ಕೌದಿಗೆ ಸಂಬಂಧಿಸಿದ ಪದಗಳನ್ನು ಸಂಗ್ರಹಿಸಲು ನಾನು ನೋಟ್‌ಬುಕ್ ಹಿಡಿದು ಹೋದೆ. ದಾರ ತೋರಿಸಿ "ಇದಕ್ಕ ಏನಂತಾರ ಆಯಿ?" ಅಂದರೆ "ದೋರಾ" ಅಂದರು. ಸೂಜಿಗೆ "ಸುಯಿ" ಅಂದರು. ಪಟ್ಟಿ ತುಂಬ ಮರಾಠಿಯೇ ತುಂಬಿತು. ಇಲ್ಲಿ ಕನ್ನಡ ಮುಗಿದಿದೆ ಅಂತ ಬರೆದುಬಿಡುತ್ತಿದ್ದೆ. ಆದರೆ ನೋಟ್‌ಬುಕ್ ಬದಿಗಿಟ್ಟು ಕತ್ತರಿ ಹಿಡಿದು ಕೂತಾಗ ಆಯಿಯ ಬೈಗಳು ಕನ್ನಡದಲ್ಲಿ ಶುರುವಾದವು.

ಮೊದಲು ವಿಂಗಡಣೆ. ಟೇಲರ್ ಅಂಗಡಿಯಿಂದ ತಂದ ಪಟ್ಟಿಗಳಲ್ಲಿ ಹತ್ತಿಯದು ಬೇರೆ, ಪಾಲಿಯೆಸ್ಟರ್ ಬೇರೆ. ಹೊಸ ಹತ್ತಿ ಬಟ್ಟೆಯನ್ನು ಒಮ್ಮೆ ನೀರಲ್ಲಿ ನೆನೆಸಿ ಒಣಗಿಸಬೇಕು. ನಾನು ನೆನೆಸಿರಲಿಲ್ಲ. "ಹೊಸಾ ಅರಿವಿ ಒಗದಮ್ಯಾಗ ಜಗ್ಗತದ, ಹಳೀದು ಹರೀತದ" ಅಂದರು. ಮೂರು ಪದ ಸಿಕ್ಕವು: ಅರಿವಿ, ಜಗ್ಗು, ಹರಿ.

ಆಮೇಲೆ ಚೌಕ. ಹಳೆ ಧೋತರದಿಂದ ಒಂದೂವರೆ ಗೇಣು ಚೌಕ ಕತ್ತರಿಸಿಕೊಳ್ಳಬೇಕು. ನಡುವೆ ಒಂದು ಪಟ್ಟಿಯನ್ನು ಬಣ್ಣದ ಮುಖ ಮೇಲಾಗಿ ಇಟ್ಟು, ಅದರ ಮೇಲೆ ಎರಡನೆಯದನ್ನು ಮುಖ ಕೆಳಗಾಗಿ ಇಟ್ಟು, ಒಂದು ಅಂಚಿನುದ್ದಕ್ಕೆ ಹೊಲಿಯಬೇಕು. ಅಂಚಿನಿಂದ ಅರ್ಧ ಬೆರಳು ಒಳಗೆ ಹೊಲಿಯದಿದ್ದರೆ ಎಳೆ ಬಿಡುತ್ತದೆ. ಆಮೇಲೆ ಎರಡನೆಯ ಪಟ್ಟಿಯನ್ನು ಮಗುಚಿ ಉಗುರಿನಿಂದ ಒತ್ತಬೇಕು. ಹೀಗೇ ಎರಡೂ ಕಡೆ ಚೌಕ ತುಂಬುವ ತನಕ ಜೋಡಿಸಿ, ಹೊರಗೆ ಚಾಚಿದ್ದನ್ನು ಕತ್ತರಿಸಬೇಕು. ಹಳೆ ಪದ್ಧತಿಯಲ್ಲಿ ಚೌಕವಿಲ್ಲ, ತುಂಡುಗಳನ್ನು ನೇರವಾಗಿ ಸೀರೆಯ ಪದರುಗಳ ಮೇಲಿಟ್ಟು ಅಂಚು ಮಡಚಿ ಹೊಲಿಯುತ್ತಾರೆ. ಸಣ್ಣ ಪಟ್ಟಿಗಳಿಗೆ ಮಾತ್ರ ಚೌಕ ಅನುಕೂಲ.

ನಾಲ್ಕು ಚೌಕ ಸೇರಿಸುವಾಗ ನನ್ನದು ಕೂಡಲಿಲ್ಲ. "ಮೂಲಿ ಕೂಡಿಲ್ಲ, ಬಿಚ್ಚವ್ವ" ಅಂದರು. ಮೂರು ಸಲ ಬಿಚ್ಚಿದೆ. ಕೊನೆಗೆ ಕೆಳಗೆ ಹಳೆ ಸೀರೆಯ ಪದರು ಹಾಸಿ, ಅಂಚಿನಿಂದ ಒಳಕ್ಕೆ ಬೆರಳಗಲದ ಸಾಲುಗಳಲ್ಲಿ ಎಲ್ಲ ಪದರನ್ನೂ ಹಿಡಿದು ಹೊಲಿಯಬೇಕು. ಪದರುಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡುವುದು. ಸಾಲು ಸಡಿಲವಾದರೆ ಪದರು ಸರಿದು ಒಂದು ಕಡೆ ಗಂಟಾಗುತ್ತದೆ. "ಸಡ್ಲ ಬಿಡಬ್ಯಾಡ" ಎಂಬ ಮಾತು ನಾನು ಅತಿ ಹೆಚ್ಚು ಕೇಳಿದ್ದು.

ಇದರಿಂದ ನನಗೆ ತಿಳಿದದ್ದು ಇಷ್ಟೇ. ವಸ್ತು ತೋರಿಸಿ ಹೆಸರು ಕೇಳಿದಾಗ ಆಯಿ ನನ್ನನ್ನು ಶಾಲೆ ಎಂದು ತಿಳಿದು ಶಾಲೆಯ ಭಾಷೆಯಲ್ಲಿ ಉತ್ತರಿಸಿದರು. ಕೆಲಸ ತಪ್ಪಿದಾಗ ಮಾತ್ರ ಅವರು ತಮ್ಮ ಭಾಷೆಗೆ ಬಂದರು. ನಾಮಪದಗಳು ಮರಾಠಿಯಾಗಿದ್ದರೂ ಜಗ್ಗು, ಹರಿ, ಕೂಡು, ಬಿಚ್ಚು ಎಂಬ ಕ್ರಿಯಾಪದಗಳು ಕನ್ನಡವಾಗಿಯೇ ಇವೆ. ಒಂದು ಮನೆಯ ಉದಾಹರಣೆಯಿಂದ ಇಡೀ ಗಡಿಯ ಬಗ್ಗೆ ತೀರ್ಪು ಕೊಡಲಾಗದು. ಆದರೆ ಕ್ಷೇತ್ರಕಾರ್ಯಕ್ಕೆ ಹೋಗುವ ನಮ್ಮ ಗೆಳೆಯರಿಗೆ ಒಂದು ವಿನಂತಿ: ಪದಪಟ್ಟಿಯ ಬದಲು ಕೆಲಸದ ಜೊತೆ ಕೂರಿ, ವಾಕ್ಯಗಳನ್ನು ಬರೆದುಕೊಳ್ಳಿ.

ತಡ ಮಾಡುವಂತಿಲ್ಲ. ನಮ್ಮ ಮನೆಯಲ್ಲೀಗ ಹತ್ತಿ ಸೀರೆ ಕಡಿಮೆ, ಅಂಗಡಿಯ ಕಂಬಳಿ ಬಂದಿದೆ. ಆಯಿ ಹೊಸ ಕೌದಿ ಹಿಡಿದು ವರ್ಷಗಳಾದವು, ಹಿಡಿದದ್ದು ನನ್ನ ಚೌಕ ಸರಿಮಾಡಲು. ಅದನ್ನು ಕ್ಯಾಮೆರಾಕ್ಕೆ ತೋರಿಸುತ್ತೇನೆ, ಮೂಲೆ ಇನ್ನೂ ಸ್ವಲ್ಪ ಕೂಡಿಲ್ಲ. ಪ್ರಶ್ನೆಗಳಿದ್ದರೆ ಕೇಳಿ.