‘ಥ್ಯಾಂಕ್ಸ್’ ಹೇಳೋದರಲ್ಲೂ ಅಹಂಕಾರ ಇರುತ್ತಾ? ತೆನೆ ಹಬ್ಬದಿಂದ ಒಂದು ಉತ್ತರ

‘ಎಲ್ಲಾ ನನ್ನಿಂದಲೇ ಆಯ್ತು’ ಅನ್ನೋ ಅಹಂಕಾರವನ್ನ ಇಳಿಸೋದು ಹೇಗೆ? ಕ್ರೈಸ್ತ ಧರ್ಮ ಇದಕ್ಕೆ ಕೊಡೋ ಒಂದು ಉತ್ತರ: ಕೃತಜ್ಞತೆ. ಕೇಳೋಕೆ ತುಂಬಾ ಸುಲಭ. ಆದ್ರೆ ಬೈಬಲ್ ಓದಿದ್ರೆ, ಎಲ್ಲಾ ಕೃತಜ್ಞತೆಯೂ ಅಹಂಕಾರ ಇಳಿಸಲ್ಲ ಅಂತ ಗೊತ್ತಾಗುತ್ತೆ.

ಮೊದಲು ನಮ್ಮ ಅಕ್ಕಪಕ್ಕದ ಒಂದು ಹಬ್ಬ ನೋಡೋಣ. ಜಯನಗರ, ಜೆಪಿ ನಗರ, ಬಿಟಿಎಂ ಲೇಔಟ್, ಬನಶಂಕರಿ ಕಡೆ ಮಂಗಳೂರು ಮೂಲದ ಕ್ಯಾಥೊಲಿಕ್ ಕುಟುಂಬಗಳು ಸಾಕಷ್ಟಿವೆ. ಅವರಿಗೆ ಸೆಪ್ಟೆಂಬರ್ 8 ಮೊಂತಿ ಫೆಸ್ಟ್, ಅಂದ್ರೆ ತೆನೆ ಹಬ್ಬ. ಮಾತೆ ಮರಿಯಮ್ಮನ ಹುಟ್ಟುಹಬ್ಬ, ಹೊಸ ಬೆಳೆಯ ಹಬ್ಬ ಎರಡೂ ಅವತ್ತೇ. 1763ರ ಹೊತ್ತಿಗೆ ಫರಂಗಿಪೇಟೆಯಲ್ಲಿ ಇದು ಶುರುವಾಯ್ತು ಅಂತ ಹೇಳೋ ವಾಡಿಕೆ ಇದೆ. ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂವು ಅರ್ಪಿಸ್ತಾರೆ. ಹಬ್ಬದ ದಿನ ಚರ್ಚ್‌ನಲ್ಲಿ ಭತ್ತದ ತೆನೆಗಳನ್ನ ಆಶೀರ್ವದಿಸಿ ಮನೆಮನೆಗೆ ಕೊಡ್ತಾರೆ. ಆ ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಹಾಕಿ, ಮನೆಯವರೆಲ್ಲಾ ಹಂಚಿಕೊಳ್ತಾರೆ. ಅವತ್ತು ಸಸ್ಯಾಹಾರದ ಊಟ. ದೂರದ ಊರಲ್ಲಿರೋ ಮಕ್ಕಳಿಗೂ ಒಂದೆರಡು ಕಾಳು ಕಳಿಸೋ ರೂಢಿ ಇದೆ.

ಅಪಾರ್ಟ್‌ಮೆಂಟ್‌ನಲ್ಲಿರೋರು ಯಾರೂ ಆ ಭತ್ತ ಬೆಳೆದಿರಲ್ಲ. ವಿಷಯ ಇರೋದೇ ಅಲ್ಲಿ. ತಿಂಗಳ ಕೊನೆಗೆ ಬರೋ ಸಂಬಳದ ಮೆಸೇಜ್‌ನಲ್ಲಿ ನಮ್ಮ ಅಕೌಂಟ್ ನಂಬರ್, ಮೊತ್ತ ಇಷ್ಟೇ ಕಾಣೋದು. ತೆನೆ ಕೈಗೆ ಬಂದಾಗ ಮಳೆ, ಮಣ್ಣು, ನಾಟಿ ಮಾಡಿದವರು ಎಲ್ಲರೂ ನೆನಪಾಗ್ತಾರೆ.

ಬೈಬಲಿನ ಧರ್ಮೋಪದೇಶಕಾಂಡದ 8ನೇ ಅಧ್ಯಾಯ ಎಚ್ಚರಿಸೋದು ಹೊಟ್ಟೆ ತುಂಬಿದವರನ್ನ. ಒಳ್ಳೇ ಮನೆ ಆಯ್ತು, ದುಡ್ಡೂ ಆಯ್ತು ಅನ್ನೋವಾಗಲೇ ‘ನನ್ನ ತಾಕತ್ತಿನಿಂದ ಬಂತು’ ಅನ್ನೋ ಯೋಚನೆ ಹುಟ್ಟುತ್ತೆ ಅನ್ನುತ್ತೆ ಅದು. 26ನೇ ಅಧ್ಯಾಯದಲ್ಲಿ ಅದಕ್ಕೊಂದು ಆಚರಣೆ ಇದೆ: ಮೊದಲ ಫಲವನ್ನ ಬುಟ್ಟಿಯಲ್ಲಿ ದೇವರಿಗೆ ತರಬೇಕು, ನಮ್ಮ ಹಿರಿಯರು ಈಜಿಪ್ಟ್‌ನಲ್ಲಿ ಗುಲಾಮರಾಗಿದ್ದರು ಅಂತ ಬಾಯಿಬಿಟ್ಟು ಹೇಳಬೇಕು, ಆಮೇಲೆ ಪರದೇಶಿಯನ್ನೂ ಸೇರಿಸಿಕೊಂಡು ಸಂತೋಷಪಡಬೇಕು. ಕೊಟ್ಟವರನ್ನ ಹೆಸರಿಸೋದು, ಬಂದ ದಾರಿ ನೆನೆಯೋದು, ಹಂಚೋದು. ಮೂರೂ ಸೇರಿದ್ರೇನೇ ಕೃತಜ್ಞತೆ.

ಇವಿಲ್ಲದಿದ್ರೆ ಏನಾಗುತ್ತೆ? ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಒಂದು ಕಥೆ ಹೇಳ್ತಾನೆ. ಫರಿಸಾಯನೊಬ್ಬ ದೇವಾಲಯದಲ್ಲಿ ನಿಂತು ದೇವರಿಗೆ ಥ್ಯಾಂಕ್ಸ್ ಹೇಳ್ತಾನೆ. ಯಾಕೆ? ತಾನು ಬೇರೆಯವರ ಥರ ಇಲ್ಲ, ಪಕ್ಕದ ಸುಂಕದವನ ಥರವಂತೂ ಅಲ್ಲವೇ ಅಲ್ಲ ಅಂತ! ಹೆಸರಿಗೆ ಕೃತಜ್ಞತೆ, ಒಳಗೆ ಹೋಲಿಕೆ. ಹೊಸ ಕಾರಿನ ಫೋಟೋ ಕೆಳಗೆ ‘ಬ್ಲೆಸ್ಡ್’ ಅಂತ ಹಾಕೋವಾಗ ನಮ್ಮ ಮನಸ್ಸಿನಲ್ಲಿ ಯಾರಿದ್ದಾರೆ, ಕೊಟ್ಟವರಾ, ನೋಡಿ ಹೊಟ್ಟೆ ಉರಿಸಿಕೊಳ್ಳೋರಾ?

ಹಾಗಾದ್ರೆ ನಮ್ಮ ದುಡಿಮೆಗೆ ಬೆಲೆ ಇಲ್ವಾ? ಇದೆ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ಪಡೆಯದೇ ಇರುವಂಥದ್ದು ನಿನ್ನ ಹತ್ತಿರ ಏನಿದೆ ಅಂತ ಕೇಳ್ತಾನೆ. ಅದೇ ಪತ್ರದಲ್ಲಿ ತಾನು ಎಲ್ಲರಿಗಿಂತ ಹೆಚ್ಚು ದುಡಿದೆ ಅಂತಾನೂ ಹೇಳ್ತಾನೆ, ಅದನ್ನ ದೇವರ ಕೃಪೆಯ ಲೆಕ್ಕಕ್ಕೆ ಬರೀತಾನೆ ಅಷ್ಟೇ.

ಈ ಲೆಕ್ಕ ಯಾಕೆ ಮುಖ್ಯ ಅಂದ್ರೆ, ಕೆಲಸ ಬಂದಾಗ ‘ಎಲ್ಲಾ ನಾನೇ’ ಅಂದವರಿಗೆ, ಲೇಆಫ್ ಆದ ದಿನ ‘ನಾನು ಏನೂ ಅಲ್ಲ’ ಅನ್ಸುತ್ತೆ. ಸಿಕ್ಕಿದ್ದು ಕೊಡುಗೆ ಅಂತ ತಿಳಿದವರಿಗೂ ನೋವಾಗುತ್ತೆ, ಆದ್ರೆ ಕೆಲಸದ ಜೊತೆ ಅವರ ಬೆಲೆ ಹೋಗಲ್ಲ.

ಒಂದು ಎಚ್ಚರಿಕೆ. ಕೃತಜ್ಞತೆ ಅಂದ್ರೆ ಅನ್ಯಾಯವನ್ನ ಸಹಿಸೋದಲ್ಲ. ಕೂಲಿಯವನ ಸಂಬಳವನ್ನ ಸೂರ್ಯ ಮುಳುಗೋ ಮೊದಲೇ ಕೊಡು ಅನ್ನೋದೂ ಅದೇ ಧರ್ಮೋಪದೇಶಕಾಂಡ. ‘ಕೆಲಸ ಕೊಟ್ಟಿದ್ದೀನಲ್ಲ, ಋಣ ಇರಲಿ’ ಅಂತ ಸಂಬಳ ಹಿಡಿಯೋ ಬಾಸ್‌ಗೆ ಇಲ್ಲಿ ಜಾಗ ಇಲ್ಲ.

ಇವತ್ತು ರಾತ್ರಿ ಮಲಗೋ ಮೊದಲು ಇದನ್ನ ಮಾಡಿ ನೋಡಿ. ನಿಮ್ಮ ಈ ದಿನವನ್ನ ಸಾಧ್ಯ ಮಾಡಿದ ಮೂವರ ಹೆಸರು ನೆನಪಿಸಿಕೊಳ್ಳಿ. ಅದರಲ್ಲಿ ಒಬ್ಬರ ಹೆಸರೇ ನಿಮಗೆ ಗೊತ್ತಿಲ್ಲದಿದ್ರೆ, ನಾಳೆ ಹೋಗಿ ಕೇಳಿ. ಮತ್ತೆ ಸಿಗೋಣ.